ಕಚ್ಚಿ ನೋಡಿದ ಕೆಂಪು ಗುಡ್ಡ

ಯಾರ ಮನೆಗೆ ಹೋದರೂ ನಾನು ಮೊದಲು ಮನೆಯವರ ಮುಖ ನೋಡುವುದಿಲ್ಲ, ನೆಲ ನೋಡುತ್ತೇನೆ. ಇದು ಸೊಕ್ಕಲ್ಲ, ರೋಗ. ಮೂವತ್ತೈದು ವರ್ಷ ಟೈಲ್ಸ್ ಕೂಡಿಸಿದವನಿಗೆ ಅಂಟುವ ರೋಗ. ಬಾಗಿಲು ತೆರೆದವರು "ಬರ್ರಿ, ಬರ್ರಿ" ಎನ್ನುತ್ತಿರುವಾಗ ನನ್ನ ಕಣ್ಣು ಹೊಸ್ತಿಲ ಪಕ್ಕದ ಎರಡನೇ ಟೈಲ್ಸಿನ ಮೂಲೆ ಎದ್ದಿದೆಯೋ ಹೇಗೆ ಎಂದು ಹುಡುಕುತ್ತಿರುತ್ತದೆ. ಚಹಾ ಬರುವುದರೊಳಗೆ ಹಿಮ್ಮಡಿಯಿಂದ ಮೆಲ್ಲಗೆ ತಟ್ಟಿ ಯಾವುದರ ಹೊಟ್ಟೆ ಟೊಳ್ಳು ಎಂದು ಕಂಡುಹಿಡಿದಿರುತ್ತೇನೆ. ಈ ಪರದೇಶದಲ್ಲಿ ನಾವಿರುವ ಎರಿನ್ ಮಿಲ್ಸ್ ಬಡಾವಣೆಯ ಎಷ್ಟೋ ಮನೆಗಳ ಅಡುಗೆಮನೆ ನೆಲ ನನಗೆ ಬಾಯಿಪಾಠ. ಆ ಮನೆಯವರ ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೇನೆ.

ನನ್ನ ಹೆಂಡತಿ ಸರೋಜಾಳಿಗೆ ಈ ರೋಗದ ಮೇಲೆ ಕನಿಕರವಿಲ್ಲ. "ಊರ ಮಂದಿ ನೆಲಕ್ಕೆಲ್ಲಾ ರಸಮಟ್ಟ ಇಡ್ತೀರಿ. ನಮ್ಮನಿ ಬಾತ್‌ರೂಮಿನ ಟೈಲ್ಸ್ ಕಿತ್ತು ಆರು ವರ್ಷ ಆತು. ಅದಕ್ಕ ಮುಹೂರ್ತ ಯಾವಾಗ್ರಿ?" ಎಂದು ಕೇಳುತ್ತಾಳೆ. ನಾನು "ಸಾಮಾನ ಬರಬೇಕು" ಎನ್ನುತ್ತೇನೆ. ಸಾಮಾನು ಗ್ಯಾರೇಜಿನಲ್ಲಿ ಆರು ವರ್ಷದಿಂದ ಇದೆ. ಅದು ಅವಳಿಗೂ ಗೊತ್ತು.

ಇಂಥ ನನ್ನನ್ನು ನನ್ನ ಮಗಳು ಕಳೆದ ಮೇ ತಿಂಗಳ ಲಾಂಗ್ ವೀಕೆಂಡಿನಲ್ಲಿ, ಒಂದಂಗುಲವೂ ಮಟ್ಟವಿಲ್ಲದ ಜಾಗಕ್ಕೆ ಕರೆದುಕೊಂಡು ಹೋದಳು.

ಆ ಜಾಗ ನಮ್ಮ ಮನೆಯಿಂದ ಕಾರಿನಲ್ಲಿ ಮುಕ್ಕಾಲು ತಾಸು. ಬ್ರಾಂಪ್ಟನ್ನಿನ ಮನೆಗಳ ಸಾಲು ಮುಗಿದು, ಹೊಲ ಶುರುವಾಗಿ, ಬೇಲಿಯೊಳಗೆ ಕುದುರೆ ಕಾಣಿಸಿಕೊಂಡು, ಇನ್ನೇನು ಇಷ್ಟು ಹಸಿರು ಸಾಕಪ್ಪ ಅನ್ನುವಷ್ಟರಲ್ಲಿ ರಸ್ತೆ ಬದಿಗೆ ಇದ್ದಕ್ಕಿದ್ದಂತೆ ಒಂದು ಕೆಂಪು ಮರುಭೂಮಿ. ಹುಲ್ಲಿಲ್ಲ, ಗಿಡವಿಲ್ಲ. ಬರೀ ಬೋಳು ದಿಬ್ಬಗಳು, ನಡುನಡುವೆ ಮಳೆ ಕೊರೆದ ಕಂದರಗಳು. ಯಾರೋ ದೊಡ್ಡದೊಂದು ಕೆಂಪು ಕಂಬಳಿಯನ್ನು ಒದರಿ, ಮಡಿಚುವುದನ್ನು ಮರೆತು ಹೋದ ಹಾಗೆ. ಅದಕ್ಕೆ ಚೆಲ್ಟನಮ್ ಬ್ಯಾಡ್‌ಲ್ಯಾಂಡ್ಸ್ ಎಂದು ಹೆಸರು. ಅಂದರೆ ಕೆಟ್ಟ ಭೂಮಿ. ನಮ್ಮ ಕಡೆ ಯಾರಾದರೂ ತಮ್ಮ ಹೊಲದ ಬದುವಿನಲ್ಲಿ ಹೀಗೆ ಬೋರ್ಡು ಬರೆಸಿ ನಿಲ್ಲಿಸುತ್ತಾರೆಯೇ? ಸವಳು ಹಿಡಿದ ಹೊಲವನ್ನೂ ಬಂಗಾರದಂಥಾದ್ದು ಎಂದೇ ಹೇಳುತ್ತೇವೆ. ಇಲ್ಲಿಯವರು ಕೆಟ್ಟದ್ದು ಎಂದು ತಾವೇ ಬರೆದು, ಅದಕ್ಕೆ ಬೇಲಿ ಹಾಕಿ ಕಾಯುತ್ತಾರೆ. ಕಾರು ನಿಲ್ಲಿಸಬೇಕಾದರೆ ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಬಾ ಎನ್ನುತ್ತಾರೆ. ನಾನು ಇಳಿಜಾರು ತಪ್ಪಿ ಒಂದು ಬಾತ್‌ರೂಮ್ ಮಾಡಿದರೆ ಮಾರನೇ ದಿನವೇ ಫೋನು ಬರುತ್ತದೆ. ಇಡೀ ಗುಡ್ಡವೇ ಇಳಿಜಾರು ತಪ್ಪಿದರೆ ಜನ ಕ್ಯಾಮೆರಾ ಹಿಡಿದು ಬರುತ್ತಾರೆ.

ಮಗಳು ನನ್ನನ್ನು ಅಲ್ಲಿಗೆ ಸುಮ್ಮನೆ ಕರೆದೊಯ್ಯಲಿಲ್ಲ. ಅದಕ್ಕೊಂದು ಜಗಳದ ಹಿನ್ನೆಲೆ ಇತ್ತು.

ಈರವ್ವ ನಮ್ಮ ಒಬ್ಬಳೇ ಮಗಳು. ನನ್ನ ತಾಯಿಯ ಹೆಸರನ್ನು ಇಟ್ಟೆ. ಶಾಲೆಯಲ್ಲಿ ಅದು ಹೇಗೋ ಸವೆದು ಐರಾ ಆಯಿತು. ಹದಿನೆಂಟು ತುಂಬಿದೆ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಸಿಟ್ಟು ಬಂದಾಗ ಮತ್ತು ಹಸಿವಾದಾಗ ಅಪ್ಪಟ ನರಗುಂದದವಳು. ಅವಳಿಗೆ ಎರಡು ಯೂನಿವರ್ಸಿಟಿಗಳಿಂದ ಕರೆ ಬಂದಿತ್ತು. ಒಂದರಲ್ಲಿ ಜೀವಶಾಸ್ತ್ರ, ಆ ದಾರಿ ಹಿಡಿದು ಹೋದರೆ ಮುಂದೆ ಹಲ್ಲಿನ ಡಾಕ್ಟರ್ ಆಗಬಹುದು. ಇನ್ನೊಂದರಲ್ಲಿ ಭೂಮಿಯ ಓದು, ಅಂದರೆ ಕಲ್ಲು ಮಣ್ಣಿನ ಓದು. ಜೂನ್ ಹುಟ್ಟುವುದರೊಳಗೆ ಒಂದಕ್ಕೆ ಹೂಂ ಅನ್ನಬೇಕು. ಅವಳಿಗೆ ಕಲ್ಲು ಬೇಕು. ನನಗೆ ಹಲ್ಲಿನ ಡಾಕ್ಟರ್ ಬೇಕು.

ನನ್ನ ಆಸೆಗೂ ಒಂದು ನ್ಯಾಯ ಇತ್ತು. ಹಲ್ಲಿನ ಡಾಕ್ಟರ ಕೆಲಸ ಸೂಕ್ಷ್ಮವಾಗಿ ನೋಡಿದರೆ ನನ್ನದೇ ಕೆಲಸ. ಸಡಿಲಾದದ್ದನ್ನು ಕೂಡಿಸುವುದು, ಸಂದಿ ತುಂಬುವುದು, ಮಟ್ಟ ನೋಡುವುದು, ಬಣ್ಣ ಹೊಂದಿಸುವುದು. ಆದರೆ ಅವರು ಕುರ್ಚಿಯ ಮೇಲೆ ಕೂತು ಮಾಡುತ್ತಾರೆ. ಆ ಒಂದು ಕುರ್ಚಿಗಾಗಿ ನಾನು ನರಗುಂದದಲ್ಲಿ, ಆಮೇಲೆ ಎಂಟು ವರ್ಷ ಮಸ್ಕತ್ತಿನಲ್ಲಿ, ಆಮೇಲೆ ಇಪ್ಪತ್ತು ವರ್ಷ ಈ ಊರಲ್ಲಿ ಮೊಣಕಾಲೂರಿದ್ದೇನೆ. ಏಳನೇ ಈಯತ್ತೆಗೆ ಶಾಲೆ ಬಿಟ್ಟವನು ನಾನು. ಬೇಸಿಗೆ ರಜೆಯಲ್ಲಿ ಗೌಂಡಿ ಕೆಲಸಕ್ಕೆ ಹೋದವನಿಗೆ ರಜೆ ಮುಗಿದದ್ದೇ ತಿಳಿಯಲಿಲ್ಲ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ನಾರ್ತ್ ಯಾರ್ಕಿನಲ್ಲಿ ಮೂವತ್ತು ಮಹಡಿಯ ಒಂದು ಕಟ್ಟಡವಿದೆ. ಅದರ ಕೆಳಗಿನ ಹಜಾರದ ನೆಲ ನಾನು ಹಾಸಿದ್ದು. ಅಲ್ಲಿ ಗೋಲಿ ಇಟ್ಟರೆ ಇಟ್ಟ ಕಡೆಯೇ ಇರುತ್ತದೆ. ದೊಡ್ಡ ದೊಡ್ಡ ಓದಿದವರು ದಿನಾ ಅದರ ಮೇಲೆ ನಡೆಯುತ್ತಾರೆ, ಒಬ್ಬರೂ ಎಡವಿಲ್ಲ. ಆದರೆ ಈ ಹೆಮ್ಮೆ ನನ್ನ ತಲೆಗೇ ಮುಗಿಯಲಿ, ಮಗಳ ಉಗುರಿನಲ್ಲಿ ಸಿಮೆಂಟು ಸೇರುವುದು ಬೇಡ ಎಂಬುದು ನನ್ನ ಹಟ.

"ಕಲ್ಲ ಓದಾಕ ಕಾಲೇಜ್ ಯಾಕ ಬೇಕವಾ? ನಾ ದಿನಾ ಹೊರ್ತೇನಿ. ಬಾ, ಪುಕ್ಕಟ ಕಲಸ್ತೇನಿ" ಎಂದೆ.

"ದ್ಯಾಟ್ಸ್ ನಾಟ್ ಫನಿ, ಅಪ್ಪಾ."

ಒಂದು ತಿಂಗಳು ನಮ್ಮ ಮನೆಯಲ್ಲಿ ಪಾತ್ರೆಗಳು ಸಪ್ಪಳ ಮಾಡಿದಷ್ಟು ಮನುಷ್ಯರು ಮಾಡಲಿಲ್ಲ. ಕೊನೆಗೆ ಒಂದು ಸಂಜೆ ಅವಳೇ ಬಂದು ನನ್ನ ಎದುರಿಗೆ ಕೂತಳು. "ಒಂದ್ ಸಲ ನನ್ ಜೋಡಿ ಬಾ. ಟೂ ಅವರ್ಸ್. ಸುಮ್ನ ನೋಡು. ಆಮೇಲೂ ನೀ ಬ್ಯಾಡ ಅಂದ್ರ, ಐ ವಿಲ್ ಡೂ ದಿ ಅದರ್ ಒನ್. ಪ್ರಾಮಿಸ್."

ಪ್ರಾಮಿಸ್ ಅಂದರೆ ಅವಳು ತಪ್ಪುವವಳಲ್ಲ. ಆ ವಿಷಯದಲ್ಲಿ ಹೆಸರಿಗೆ ತಕ್ಕ ಹಾಗೆ ನನ್ನ ತಾಯಿಯೇ. ಎರಡು ತಾಸು ಬಾಯಿ ಮುಚ್ಚಿಕೊಂಡು ಇದ್ದು, ಆಮೇಲೆ ಬೇಡ ಅಂದರೆ ಕೆಲಸ ಮುಗಿಯಿತು. ಇಷ್ಟು ಸುಲಭದ ಗುತ್ತಿಗೆ ನನಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ಒಪ್ಪಿಕೊಂಡೆ.

ಇಲ್ಲಿ ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆ. ಆ ದಿನ ನನ್ನ ಜಾಕೆಟ್ಟಿನ ಒಳಜೇಬಿನಲ್ಲಿ ಗೋಧಿ ಹಿಟ್ಟಿನ ಖಾಲಿ ಚೀಲವೊಂದನ್ನು ಮಡಿಚಿಟ್ಟುಕೊಂಡಿದ್ದೆ. ಅದರೊಳಗೆ ಒಂದು ಸಣ್ಣ ಕರಣೆ, ಅದೇ, ನಾವು ಸಿಮೆಂಟು ಎತ್ತುವ ಕರಣೆ. ಕೆಂಪು ಮಣ್ಣಿನ ಗುಡ್ಡ ಎಂದು ಮಗಳು ಹೇಳಿದ ಕೂಡಲೇ ನನಗೆ ಹೊಳೆದದ್ದು ಅವಳ ಓದಲ್ಲ, ಮಣ್ಣೆತ್ತಿನ ಅಮಾವಾಸ್ಯೆ.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಎರಡು ಮಾತು. ಮುಂಗಾರಿನ ಹೊತ್ತಿಗೆ ಬರುವ ಆ ಅಮಾವಾಸ್ಯೆಗೆ ಮಣ್ಣಿನಿಂದ ಒಂದು ಜೊತೆ ಎತ್ತು ಮಾಡಿ, ಮುಂದೆ ಮಣ್ಣಿನದೇ ಗ್ವಾದಲಿ, ಅಂದರೆ ಮೇವು ಹಾಕುವ ದೋಣಿ ಇಟ್ಟು, ಕೊಂಬಿಗೆ ಕುಸುಬಿ ಕಾಳು ಚುಚ್ಚಿ ಪೂಜೆ ಮಾಡುತ್ತೇವೆ. ಆಮೇಲೆ ಎತ್ತುಗಳನ್ನು ನೀರಿಗೆ ಬಿಡುತ್ತೇವೆ, ಅವು ಕರಗಿ ಮತ್ತೆ ಮಣ್ಣಾಗುತ್ತವೆ. ಎತ್ತು ನಿಜವಾಗಿ ಇರಲಿ ಬಿಡಲಿ, ಮಣ್ಣಿನವು ಇರಲೇಬೇಕು. ಎರಿನ್ ಮಿಲ್ಸಿನಲ್ಲಿ ನಮಗೆ ಇರುವುದು ಒಂದು ಹಳೇ ಕಾರು. ಆದರೂ ಎತ್ತು ತಪ್ಪಿಸಿಲ್ಲ.

ಕಷ್ಟ ಇರುವುದು ಮಣ್ಣಿನದು. ಈರವ್ವನಿಗೆ ಐದು ವರ್ಷವಿದ್ದಾಗ ಮೊದಲ ಸಲ ಅವಳನ್ನು ಬೇಸ್‌ಮೆಂಟಿನಲ್ಲಿ ಕೂಡಿಸಿಕೊಂಡು ಎತ್ತು ಮಾಡಲು ಹೊರಟೆ. ಮಣ್ಣು ಸಿಗಲಿಲ್ಲ. ಮೂಲೆಯಲ್ಲಿ ಟೈಲ್ಸ್ ಅಂಟಿಸುವ ಸಿಮೆಂಟು ಅರ್ಧ ಚೀಲ ಇತ್ತು. ಕಲಸಿದೆ. ಬೆಣ್ಣೆಯಂತೆ ಬಂತು. ನಾನು ಎರಡು ಎತ್ತು ಮಾಡಿದೆ, ಅವಳು ಒಂದು ಮಾಡಿದಳು, ಮೂರು ಕಾಲಿನದು. ಪೂಜೆ ಚೆನ್ನಾಗಿಯೇ ಆಯಿತು. ಮಾರನೇ ದಿನ ಪೋರ್ಟ್ ಕ್ರೆಡಿಟ್ಟಿಗೆ ಹೋಗಿ ಕೆರೆಗೆ ಬಿಟ್ಟರೆ ನನ್ನ ಎರಡು ಎತ್ತು ಗುಳುಂ ಎಂದು ತಳ ಸೇರಿದವು. ಅಷ್ಟು ಒಳ್ಳೆಯ ಸಿಮೆಂಟು. ಈ ಹೊತ್ತಿಗೂ ಕೊಂಬು ಸಮೇತ ಅಲ್ಲೇ ನಿಂತಿರುತ್ತವೆ. ಕರಗುವುದನ್ನು ನೋಡಬೇಕೆಂದು ಬಂದ ಮಗಳು ಬೋ ಎಂದು ಅತ್ತಳು, ತನ್ನ ಎತ್ತನ್ನು ಕೊಡಲೇ ಇಲ್ಲ. ಆ ಮೂರು ಕಾಲಿನ ಎತ್ತು ಹದಿಮೂರು ವರ್ಷದಿಂದ ನಮ್ಮ ಗ್ಯಾರೇಜಿನ ಬಾಗಿಲು ಬಡಿಯದಂತೆ ತಡೆದುಕೊಂಡು ನಿಂತಿದೆ. ಆಮೇಲಿನ ವರ್ಷಗಳಲ್ಲಿ ತೋಟದ ಅಂಗಡಿಯ ಮಣ್ಣು ತಂದೆವು. ಅದರಲ್ಲಿ ಮಣ್ಣಿಗಿಂತ ಮರದ ಚಕ್ಕೆಯೇ ಹೆಚ್ಚು. ಎತ್ತಿನ ಮೈಯೆಲ್ಲ ಮುಳ್ಳು ಎದ್ದು ಮುಳ್ಳುಹಂದಿಯಂತೆ ಕಾಣುತ್ತಿತ್ತು, ನೀರಿಗೆ ಬಿಟ್ಟರೆ ಕರಗುವ ಬದಲು ಚಕ್ಕೆಯಾಗಿ ತೇಲುತ್ತಿತ್ತು. ಹೀಗಾಗಿ ಕೆಂಪು ಗುಡ್ಡ ಎಂದೊಡನೆ ನನಗೆ ಚೀಲದ ನೆನಪಾದದ್ದು.

ಕಾರು ಈರವ್ವ ಓಡಿಸಿದಳು. ಪಕ್ಕದ ಸೀಟಿನಲ್ಲಿ ಕೂತು ನಾನು ಇಲ್ಲದ ಬ್ರೇಕನ್ನು ಒತ್ತುತ್ತಾ ಹೋದೆ. ಹಿಂದೆ ಸರೋಜಾ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು, "ಎದುರಿಗೆ ಲಾರಿ ಬಂದಾಗೆಲ್ಲಾ ನೀವ್ ಉಸುರು ಹಿಡದ್ರ ಅದೇನ್ ಹೊಳ್ಳಿ ಹೋಗೂದಿಲ್ರಿ" ಎಂದಳು.

ಕಾರು ನಿಲ್ಲಿಸಿ, ಮರದ ಹಲಗೆ ಹಾಸಿದ ಹಾದಿಯಲ್ಲಿ ನಾಲ್ಕು ಹೆಜ್ಜೆ ಹೋದರೆ ಗುಡ್ಡ ಕಣ್ಣ ಮುಂದೆ. ನಾನು ಅಭ್ಯಾಸದಂತೆ ಮೊದಲು ಹಲಗೆ ನೋಡಿದೆ. ಒಳ್ಳೆಯ ಕೆಲಸ, ಸಂದಿ ಎಲ್ಲ ಒಂದೇ ಅಳತೆ. ಆಮೇಲೆ ತಲೆ ಎತ್ತಿದೆ.

ಏನು ಹೇಳಲಿ. ರಾತ್ರಿ ಮಳೆಯಾಗಿತ್ತು. ಇಡೀ ಗುಡ್ಡ ಹಸಿ ಇಟ್ಟಿಗೆಯ ಬಣ್ಣದಲ್ಲಿ ಹೊಳೆಯುತ್ತಿತ್ತು. ಕೆಂಪಿನ ನಡುವೆ ಅಲ್ಲಲ್ಲಿ ತಿಳಿ ಹಸಿರು ಪಟ್ಟಿ. ನೀರು ತನಗೆ ಬೇಕಾದ ಕಡೆ ಹರಿದು ತನಗೆ ಬೇಕಾದ ಇಳಿಜಾರು ಮಾಡಿಕೊಂಡಿತ್ತು. ಒಂದು ಗೆರೆ ನೇರ ಇಲ್ಲ, ಒಂದು ಮೂಲೆ ಕೂಡಿಲ್ಲ. ಆದರೂ ತಪ್ಪು ಎಂದು ಬೆರಳು ತೋರಿಸಲು ಒಂದು ಜಾಗ ಸಿಗಲಿಲ್ಲ. ರಸಮಟ್ಟದ ಗುಳ್ಳೆಯನ್ನು ನಡುವೆ ನಿಲ್ಲಿಸಲು ನಾನು ಎಷ್ಟು ಸಲ ಉಸಿರು ಬಿಗಿಹಿಡಿದಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಆ ಗುಳ್ಳೆಗೆ ಕೆಲಸವೇ ಇರಲಿಲ್ಲ. ನನ್ನ ಭುಜ ತಾನಾಗಿ ಸಡಿಲಾಯಿತು.

ಆಮೇಲೆ ಬೇಲಿ ಕಾಣಿಸಿತು. ಗುಡ್ಡಕ್ಕೂ ನಮಗೂ ನಡುವೆ ಉದ್ದಕ್ಕೂ ಬೇಲಿ. ಅದರ ಪಕ್ಕ ಒಂದು ಫಲಕ. ನನ್ನ ಇಂಗ್ಲಿಷ್ ಓದು ನಿಧಾನ. ಈರವ್ವ ಸಣ್ಣವಳಿದ್ದಾಗ ಬ್ಯಾಂಕಿನ ಪತ್ರ, ಸಿಟಿಯ ಪತ್ರ ಎಲ್ಲ ನನಗಾಗಿ ಪಟಪಟ ಓದುತ್ತಿದ್ದಳು; ನಾನು ಎರಡನೇ ಸಾಲಿಗೆ ಬರುವುದರೊಳಗೆ ಅವಳು ಕೆಳಗಿನ ಸಹಿಗೆ ಮುಟ್ಟಿರುತ್ತಿದ್ದಳು. ಆ ದಿನ ಅವಳು ಓದಲಿಲ್ಲ. ನನ್ನ ಪಕ್ಕ ಬಂದು ಬೇಲಿಗೆ ಮೊಣಕೈ ಊರಿ ಗುಡ್ಡದ ಕಡೆ ನೋಡುತ್ತಾ ನಿಂತಳು. ನಾನು ಬೆರಳು ಇಡದೆ, ತುಟಿ ಅಲ್ಲಾಡಿಸುತ್ತಾ ಅಷ್ಟೂ ಓದಿ ಮುಗಿಸುವ ತನಕ ಅವಸರ ಮಾಡಲಿಲ್ಲ. ಹಿಂದೆ ಸಾಲುಗಟ್ಟಿದ್ದ ಇಬ್ಬರಿಗೆ "ಸಾರಿ, ಜಸ್ಟ್ ಎ ಮಿನಿಟ್" ಎಂದು ಅವಳೇ ಹೇಳಿದಳು.

ಫಲಕದಲ್ಲಿ ಇದ್ದದ್ದು ಇಷ್ಟು. ಇದು ಹಿಂದೆ ಹೊಲವಾಗಿತ್ತು. ರೈತರು ಗಿಡ ಕಡಿದರು, ದನ ಮೇಯಿಸಿದರು. ದನ ಹುಲ್ಲಿನ ಬೇರು ಬಿಡದೆ ಮೇದವು, ಮೇಲ್ಮಣ್ಣು ಮಳೆಗೆ ತೊಳೆದು ಹೋಯಿತು, ಒಳಗಿನ ಕೆಂಪು ಹೊರಗೆ ಬಿತ್ತು. ಈಗ ಮನುಷ್ಯರು ತುಳಿದರೆ ಇನ್ನೂ ಸವೆಯುತ್ತದೆ, ದಯವಿಟ್ಟು ಇಳಿಯಬೇಡಿ, ಏನನ್ನೂ ಒಯ್ಯಬೇಡಿ.

ನನಗೆ ಒಳಗೊಳಗೇ ನಗು ಬಂತು. ದನಗಳು ತುಳಿದು ಕೆಡಿಸಿದ ಗುಡ್ಡದಿಂದ ಮಣ್ಣು ಕದ್ದೊಯ್ದು ಎತ್ತು ಮಾಡಲು ಬಂದಿದ್ದೆ. ಜಾಕೆಟ್ಟಿನ ಜಿಪ್ಪನ್ನು ಕೊರಳವರೆಗೆ ಎಳೆದುಕೊಂಡೆ. ಎಳೆಯುವಾಗ ಕರಣೆಯ ತುದಿ ಜಿಪ್ಪಿಗೆ ತಾಗಿ ಠಣ್ ಎಂದಿತು.

"ವಾಟ್ ಈಸ್ ದ್ಯಾಟ್?" ಎಂದಳು ಈರವ್ವ.

"ಏನಿಲ್ಲ."

"ಅಪ್ಪಾ. ಡಿಡ್ ಯೂ ಬ್ರಿಂಗ್ ಎ ಟ್ರೌವೆಲ್?"

"ಎಲ್ಲೆ ಹೋದ್ರೂ ಇರ್ತದವಾ. ಡಾಕ್ಟರು ಕೊರಳಾಗ ಹಾಕ್ಕೊಂಡಿರೂದಿಲ್ಲೇನ?"

ಸರೋಜಾ ನನ್ನ ಜೇಬಿಗೆ ಕೈ ಹಾಕಿ ಹಿಟ್ಟಿನ ಚೀಲ ಹೊರಗೆಳೆದಳು. "ಅಯ್ಯ ಶಿವನ! ಚೀಲಾನೂ ಐತಿ! ಸರಕಾರದ ಗುಡ್ಡಾ ಹೊತ್ಕೊಂಡ ಹೋಗಾಕ ಬಂದೀರೇನು?" ತಾಯಿ ಮಗಳು ಇಬ್ಬರೂ ಬೇಲಿ ಹಿಡಿದುಕೊಂಡು ನಕ್ಕರು. ಒಂದು ತಿಂಗಳ ಮೇಲೆ ನಮ್ಮ ಮನೆಯವರು ನಕ್ಕಿದ್ದು ಅದೇ ಮೊದಲು. ನಗು ನನ್ನ ಮೇಲೆಯೇ ಆದರೂ ಖುಷಿಯಾಯಿತು.

ಆದರೂ ಸೋಲಬಾರದಲ್ಲ. "ನಗ್ರಿ ನಗ್ರಿ. ಎಂಥಾ ಮಣ್ಣು ನೋಡ್ರಿ. ಇದರಾಗ ಎತ್ತು ಮಾಡಿದ್ರ ಕುಂಬಾರ ಬಂದು ಕಾಲು ಹಿಡೀಬೇಕು" ಎಂದೆ.

"ಇಟ್ಸ್ ನಾಟ್ ಮಣ್ಣು, ಅಪ್ಪಾ. ಇಟ್ಸ್ ರಾಕ್. ಶೇಲ್."

"ಕಲ್ಲಲ್ಲ. ಮಣ್ಣು."

"ಕಲ್ಲು."

ಬಾಯಿ ಮುಚ್ಚಿಕೊಂಡಿರುವ ಕರಾರು ಅಲ್ಲಿಗೆ ಮುರಿಯಿತು. ಗೌಂಡಿ ಕೆಲಸ ಹಿಡಿದು ನಲವತ್ತು ವರ್ಷ ಮಣ್ಣು ಕಲಸಿದವನಿಗೆ ಮಣ್ಣು ಯಾವುದು ಕಲ್ಲು ಯಾವುದು ಎಂದು ಹದಿನೆಂಟರ ಹುಡುಗಿ ಹೇಳುವುದೆಂದರೆ ಏನು. ಅವಳು ವಿವರಿಸಿದಳು, ಅರ್ಧ ಇಂಗ್ಲಿಷು ಅರ್ಧ ಕನ್ನಡ. ನಲವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರವಿತ್ತಂತೆ. ದೂರದ ಬೆಟ್ಟಗಳಿಂದ ನದಿಗಳು ಕೆಸರು ತಂದು ಸುರಿದವಂತೆ. ಕೆಸರು ಒತ್ತಿ ಒತ್ತಿ ಕಲ್ಲಾಯಿತು. ಅದರಲ್ಲಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಯಿತು. ಆಮೇಲೆ ಒಳಗೆ ನೀರು ನುಸುಳಿದ ದಾರಿಯಲ್ಲಿ ಆ ಕೆಂಪು ಹಸಿರಾಯಿತು. ನಾನು ಗುಡ್ಡ ನೋಡುವುದನ್ನು ಬಿಟ್ಟು ಅವಳ ಕೈ ನೋಡುತ್ತಿದ್ದೆ. ಸಮುದ್ರ ಅನ್ನುವಾಗ ಎರಡೂ ಕೈ ಅಗಲ ಮಾಡುತ್ತಿದ್ದಳು, ಒತ್ತಿತು ಅನ್ನುವಾಗ ಅಂಗೈ ಮೇಲೆ ಅಂಗೈ ಇಟ್ಟು ಒತ್ತುತ್ತಿದ್ದಳು. ನಾನು ಮೆಚ್ಚಿದ ಟೈಲ್ಸನ್ನು ಗಿರಾಕಿಗೆ ತೋರಿಸುವಾಗ ನನ್ನ ಕೈಯೂ ಹೀಗೇ ಆಡುತ್ತದೆ ಎಂದು ಸರೋಜಾ ಅಣಕಿಸುವುದುಂಟು.

ಆದರೂ ಮಣ್ಣು ಮಣ್ಣೇ ಎಂಬುದು ನನ್ನ ಮಾತು. ಬುತ್ತಿ ಉಂಡು ಕಾರಿಗೆ ಹೊರಟಾಗ, ಬೇಲಿಯಿಂದ ದೂರ, ರಸ್ತೆಯ ಅಂಚಿಗೆ, ಮಳೆನೀರು ತಂದು ಹಾಕಿದ ಒಂದು ಕೆಂಪು ಹರಳು ಕಾಣಿಸಿತು. ಕಡಲೆ ಬೇಳೆಯಷ್ಟು. ತಾಯಿ ಮಗಳು ಮುಂದೆ ಹೋಗಲಿ ಎಂದು ಬೂಟಿನ ಲಾಡಿ ಕಟ್ಟುವ ನೆಪದಲ್ಲಿ ಬಗ್ಗಿದೆ. ಹರಳನ್ನು ಎತ್ತಿ ಬಾಯಿಗೆ ಹಾಕಿಕೊಂಡೆ.

ನಗಬೇಡಿ. ಗೌಂಡಿಗಳು ಮಣ್ಣನ್ನು ಹೀಗೇ ಪರೀಕ್ಷಿಸುವುದು. ಕಣ್ಣಿಗೆ ನುಣುಪು ಕಂಡರೂ, ಬೆರಳಿಗೆ ಮೆತ್ತಗೆ ಇದ್ದರೂ ನಂಬಬಾರದು. ಮುಂದಿನ ಹಲ್ಲಿನ ನಡುವೆ ಸಣ್ಣಗೆ ಕಡಿಯಬೇಕು. ಕರಕರ ಅಂದರೆ ಮರಳಿದೆ, ಒಡೆಯುತ್ತದೆ. ಸದ್ದಿಲ್ಲದೆ ಸಾಬೂನಿನಂತೆ ಜಾರಿದರೆ ಒಳ್ಳೆಯ ಜೇಡಿ. ನನಗೆ ಕಲಿಸಿದವರು ಹೀಗೆ ಕಲಿಸಿದರು.

ತಲೆ ಎತ್ತಿದರೆ ಈರವ್ವ ಎದುರಿಗೇ ನಿಂತಿದ್ದಳು.

ಸಿಕ್ಕಿಬಿದ್ದವನ ಮುಖ ಮಾಡಿಕೊಂಡು ಬಾಯಲ್ಲಿನದನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ ಕೂತಿದ್ದೆ. ಅವಳು ಬೈಯಲಿಲ್ಲ. ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಅಲ್ಲೇ ಬಿದ್ದಿದ್ದ ಇನ್ನೊಂದು ಹರಳನ್ನು ಎತ್ತಿ ಜೀನ್ಸಿಗೆ ಒರೆಸಿ, ಮುಂದಿನ ಹಲ್ಲಿನ ನಡುವೆ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ಕಡಿದಳು.

"ಮೋಸ್ಟ್‌ಲಿ ಕ್ಲೇ. ಸ್ವಲ್ಪ ಸಿಲ್ಟ್" ಎಂದಳು.

"ಸ್ವಲ್ಪ ಕರಕರ ಐತಿ" ಎಂದೆ ನಾನೂ. ಎರಡೂ ಒಂದೇ ಮಾತು.

ಅಷ್ಟರಲ್ಲಿ ಸರೋಜಾ ತಿರುಗಿ ನೋಡಿದಳು. "ಈಗರ ಮೂರ್ ರೊಟ್ಟಿ ತಿಂದೀರಿ! ಮ್ಯಾಲ ಮಣ್ಣು ಬ್ಯಾರೇನ? ಇಬ್ಬರೂ ಒಂದ ತಳೀ ನೋಡು!"

ನಾನು ಕೇಳಿದೆ, "ಇದನ್ನ ಯಾರ್ ಕಲಿಸಿದ್ರವಾ ನಿನಗ?"

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಚಳಿಗಾಲದಲ್ಲಿ ಯೂನಿವರ್ಸಿಟಿಯವರು ಹೊಸ ಮಕ್ಕಳನ್ನು ಕರೆಸಿ ತಮ್ಮ ತಮ್ಮ ವಿಭಾಗ ತೋರಿಸುವ ದಿನ ಇತ್ತು. ಕಲ್ಲಿನ ವಿಭಾಗದಲ್ಲಿ ಒಬ್ಬ ಮೇಡಂ ಎರಡು ತುಂಡು ಇಟ್ಟು, ಎರಡೂ ನೋಡಲು ಒಂದೇ ಥರ, ಯಾವುದರ ಕಣ ನುಣುಪು ಯಾವುದರದು ಒರಟು ಎಂದು ಯಂತ್ರವಿಲ್ಲದೆ ಹೇಗೆ ಹೇಳುತ್ತೀರಿ ಎಂದರಂತೆ. ನನ್ನ ಮಗಳು ಕೈ ಎತ್ತಿ, "ಕಚ್ಚಿ ನೋಡಬೇಕು" ಎಂದಳಂತೆ. ಎಲ್ಲರೂ ಗೊಳ್ಳೆಂದರು. ಮೇಡಂ ನಗಲಿಲ್ಲ. ಸರಿ, ನಾವು ಹೊರಗೆ ಹೋದಾಗ ಹಾಗೇ ಮಾಡುತ್ತೇವೆ, ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರಂತೆ.

"ಸೋ ಐ ಸೆಡ್, ಮೈ ಡ್ಯಾಡ್" ಎಂದಳು. ಆಮೇಲೆ ಕನ್ನಡದಲ್ಲಿ, "ಪ್ರತಿ ವರ್ಷ ಎತ್ತು ಮಾಡೂ ಮುಂದ ನೀ ಮಣ್ಣು ಬಾಯಾಗ ಹಾಕ್ಕೊಂಡು, ಕರಕರ ಐತಿ ಅಂತಿದ್ದಿ. ನಾನೂ ಹಾಕ್ಕೋತಿದ್ದೆ. ನೀ ನೋಡಿಲ್ಲ."

ನಾನು ನೋಡಿರಲಿಲ್ಲ. ಹದಿಮೂರು ವರ್ಷ ಬೇಸ್‌ಮೆಂಟಿನಲ್ಲಿ ನನ್ನ ಎದುರಿಗೇ ಕೂತು ಕಲಿತದ್ದನ್ನು ನಾನು ನೋಡಿರಲಿಲ್ಲ. ಮಂದಿಯ ನೆಲದಲ್ಲಿ ಕೂದಲೆಳೆಯಷ್ಟು ಏರುಪೇರು ಕಾಣುವ ಕಣ್ಣು ನನ್ನದು. ಗುಣಾಕಾರ ಕಲಿ, ಇಂಗ್ಲಿಷ್ ಚೆನ್ನಾಗಿ ಬರೆ, ಎದ್ದು ಓದು ಎಂದು ನಾನು ಗಂಟಲು ಹರಿದುಕೊಂಡು ಹೇಳಿದ್ದೆಲ್ಲ ಶಾಲೆಯವರು ಕಲಿಸಿದರು. ನಾನು ಹೇಳದೇ ಇದ್ದದ್ದೊಂದನ್ನು ಅವಳು ನನ್ನಿಂದ ತೆಗೆದುಕೊಂಡಿದ್ದಳು. ಅದನ್ನು ಅಷ್ಟು ಓದಿದವರ ನಡುವೆ ಎದ್ದು ನಿಂತು, ನಮ್ಮಪ್ಪ ಹೇಳಿಕೊಟ್ಟದ್ದು ಎಂದು ಹೆಸರು ಹಿಡಿದು ಹೇಳಿ ಬಂದಿದ್ದಳು.

ಬಾಯಲ್ಲಿದ್ದ ಹರಳನ್ನು ಗುಡ್ಡದ ಕಡೆಗೇ ಉಗುಳಿದೆ. ಏನನ್ನೂ ಒಯ್ಯಬೇಡಿ ಎಂದು ಬರೆದಿದ್ದರಲ್ಲ.

ಹೊರಳಿ ಬರುವಾಗಲೂ ಈರವ್ವನೇ ಕಾರು ಓಡಿಸಿದಳು. ನೋಡಿ ಆದಮೇಲೆ ನಾನು ಹೇಳಬೇಕಿತ್ತು, ಹೌದು ಅಥವಾ ಬೇಡ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹೌದು ಎಂಬ ಮಾತು ನನ್ನ ಗಂಟಲಿನಿಂದ ಸುಲಭವಾಗಿ ಹೊರಡುವುದಿಲ್ಲ. ಅದರ ಹಿಂದೆ, ನಾನು ತಪ್ಪಿದ್ದೆ ಎಂಬ ಇನ್ನೊಂದು ಮಾತು ಅಂಟಿಕೊಂಡಿರುತ್ತದೆ. ಅಂಟಿದ್ದನ್ನು ಬಿಡಿಸುವುದು ಕೂಡಿಸುವುದಕ್ಕಿಂತ ಕಷ್ಟ. ಹಳೇ ಬಾತ್‌ರೂಮ್ ಕಿತ್ತವರಿಗೆ ಇದು ಗೊತ್ತು. ಬೇಡ ಎಂಬ ಮಾತೂ ಬರಲಿಲ್ಲ. ಇಲ್ಲದ ಬ್ರೇಕನ್ನು ಒತ್ತುವುದನ್ನು ಮಾತ್ರ ಮರೆತಿದ್ದೆ ಎಂದು ಮನೆ ಮುಟ್ಟಿದ ಮೇಲೆ ನೆನಪಾಯಿತು.

ಆ ವಾರ ನನಗೆ ಮಿಲ್ಟನ್ನಿನ ಹೊಸ ಮನೆಗಳಲ್ಲಿ ಕೆಲಸ. ನಾನು ನೆಲ ಹಾಸುತ್ತಿದ್ದ ಮನೆಯ ಪಕ್ಕದಲ್ಲೇ ಇನ್ನೊಂದು ಮನೆಗೆ ಬೇಸ್‌ಮೆಂಟ್ ತೋಡುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಹೊರಗೆ ಕೂತವನು ನೋಡುತ್ತೇನೆ, ತೋಡಿ ಹಾಕಿದ ರಾಶಿ ಕೆಂಪಗಿದೆ. ಅದೇ ಕೆಂಪು, ಅದೇ ಹಸಿರು ಪಟ್ಟಿ. ಇಪ್ಪತ್ತು ವರ್ಷದಿಂದ ಈ ಕಡೆ ಇಂಥ ರಾಶಿಗಳ ಪಕ್ಕ ಕೂತು ರೊಟ್ಟಿ ತಿಂದಿದ್ದೇನೆ. ಕಸ ಎಂದುಕೊಂಡಿದ್ದೆ. ಮೇಲಿನ ನೆಲವನ್ನಷ್ಟೇ ನೋಡಿದವನು ನೆಲದ ಕೆಳಗೆ ಏನಿದೆ ಎಂದು ನೋಡಿರಲಿಲ್ಲ.

ಯಂತ್ರ ಓಡಿಸುವ ಪಂಜಾಬಿ ಹುಡುಗನನ್ನು ಕೇಳಿದೆ, ಒಂದು ಬಕೆಟ್ ಒಯ್ಯಲೇ ಎಂದು. ಇಡೀ ಟ್ರಕ್ಕನ್ನೇ ಕೊಡುವವನಂತೆ ಅವನು ಮೇಲಿನಿಂದ ಕೂಗಿದ, "ಲೇ ಜಾವೋ ಅಂಕಲ್‌ಜೀ, ಪೂರಾ ಟ್ರಕ್ ಲೇ ಜಾವೋ!"

ಆ ಸಂಜೆ ಅದನ್ನು ಬೇಸ್‌ಮೆಂಟಿನಲ್ಲಿ ಸುತ್ತಿಗೆಯಿಂದ ಕುಟ್ಟಿದೆ. ಕುಟ್ಟುವಾಗ ಅದು ಕಲ್ಲೇ. ಮಗಳ ಮಾತು ಸರಿ. ನೀರು ಹಾಕಿ ಮುಚ್ಚಿಟ್ಟೆ. ಮೂರು ದಿನಕ್ಕೆ ಅಂಚು ಮೆತ್ತಗಾಯಿತು, ಐದು ದಿನಕ್ಕೆ ಬೆರಳು ಇಳಿಯಿತು. ಈಗ ಅದು ಮಣ್ಣು. ನನ್ನ ಮಾತೂ ಸರಿ. ಯಾರೂ ಸೋಲದ ಜಗಳ ಇಷ್ಟು ನೆಮ್ಮದಿ ಕೊಡುತ್ತದೆ ಎಂದು ಗೊತ್ತಿದ್ದರೆ ಮೊದಲೇ ನೆನೆಹಾಕುತ್ತಿದ್ದೆ.

ಬಟ್ಟೆ ಒಗೆಯಲು ಕೆಳಗೆ ಬಂದ ಈರವ್ವ ಮುಚ್ಚಳ ತೆಗೆದು ನೋಡಿದಳು. ನಾನು ಮೂಲೆಯಲ್ಲಿ ಏನೋ ಹುಡುಕುವವನಂತೆ ನಿಂತಿದ್ದೆ. ಅವಳು ಕೆಸರಿನಲ್ಲಿ ಎರಡು ಬೆರಳು ಅದ್ದಿ, ತಿಕ್ಕಿ, ಹಲ್ಲಿಗೆ ಹಚ್ಚಿ ನೋಡಿದಳು. ಆಮೇಲೆ ಮುಚ್ಚಳ ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು.

"ಅಪ್ಪಾ, ಈಸ್ ದಿಸ್ ಎ ಯೆಸ್?"

"ಇದು ಬಕೆಟ್ಟು."

"ಅಪ್ಪಾ."

"ಅಮಾಸಿಗೆ ಇನ್ನಾ ಟೈಮ್ ಐತಿ. ನೆನೀಲಿ ಬಿಡು" ಎಂದೆ. "ಈ ವರ್ಷ ನೀ ಮಾಡು ಎತ್ತು. ನಾ ಗ್ವಾದಲಿ ಮಾಡ್ತೇನಿ. ನಿನ್ ಕಲ್ಲಿನ್ ಕಾಲೇಜಿನ್ ಮಂದಿಗೂ ಒಂದು ಫೋಟೋ ಕಳಸು."

ಕೆಸರುಗೈಯಲ್ಲೇ ನನ್ನನ್ನು ತಬ್ಬಿಕೊಂಡಳು. ಬಿಳಿ ಅಂಗಿಯ ಬೆನ್ನ ಮೇಲೆ ಎರಡು ಕೆಂಪು ಬೆರಳು ಮೂಡಿದವು. ಸರೋಜಾ ಎರಡು ಸಲ ಒಗೆದಳು, ಹೋಗಲಿಲ್ಲ. ಕಬ್ಬಿಣದ ತುಕ್ಕು ಅದು, ಅಷ್ಟು ಬೇಗ ಹೋಗುವುದಿಲ್ಲ ಎಂದು ನಾನು ತಿಳಿದವನಂತೆ ಹೇಳಿದೆ.

ಅಮಾವಾಸ್ಯೆಗೆ ಎತ್ತುಗಳು ಕೆಂಪಗೆ, ನುಣ್ಣಗೆ ಬಂದವು. ಒಂದರ ಮೈಮೇಲೆ ಹಸಿರು ಮಚ್ಚೆಯೂ ಇತ್ತು. ಪೂಜೆಯಾದ ಮೇಲೆ ಹಿತ್ತಲಲ್ಲಿ ಬಕೆಟ್ ನೀರಿಗೆ ಬಿಟ್ಟೆವು. ಐದು ವರ್ಷದವಳಿದ್ದಾಗ ನೋಡಬೇಕೆಂದಿದ್ದದ್ದನ್ನು ಅವಳು ಮೊಣಕಾಲೂರಿ ಪೂರ್ತಿ ನೋಡಿದಳು, ಕೊಂಬು ಮೊದಲು, ಆಮೇಲೆ ಕಿವಿ, ಕೊನೆಗೆ ಬೆನ್ನು. ಗ್ಯಾರೇಜಿನ ಮೂರು ಕಾಲಿನ ಸಿಮೆಂಟು ಎತ್ತು ಮಾತ್ರ ಅವಳು ಹಾಸ್ಟೆಲ್ಲಿಗೆ ಒಯ್ಯುವ ಸಾಮಾನಿನ ಡಬ್ಬಿ ಸೇರಿದೆ. ಈಗ ಗ್ಯಾರೇಜಿನ ಬಾಗಿಲು ಗಾಳಿಗೆ ಬಡಿಯುತ್ತದೆ.

ಆಗಸ್ಟಿನಲ್ಲಿ ಪೋರ್ಟ್ ಕ್ರೆಡಿಟ್ಟಿನ ಕೆರೆ ದಂಡೆಯಲ್ಲಿ ನಮ್ಮ ಕನ್ನಡದವರ ಊಟ ಇತ್ತು. ಬೆಂಗಳೂರಿನ ಇಂಜಿನಿಯರೊಬ್ಬರು ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದರು. ಒಳ್ಳೆಯ ಮನುಷ್ಯ, ಅವರ ಮನೆಯ ಅಡುಗೆಮನೆ ನೆಲ ನಾನೇ ಹಾಸಿದ್ದು.

"ಮಗಳು ಏನ್ ತಗೊಂಡ್ಲು, ಸಾರ್?"

ಈ ಪ್ರಶ್ನೆಗೆ ಉತ್ತರವನ್ನು ನಾನು ಹದಿನೆಂಟು ವರ್ಷದಿಂದ ಸಿದ್ಧ ಮಾಡಿಟ್ಟುಕೊಂಡಿದ್ದೆ. ಬೇರೆ ಉತ್ತರ ಬಂತು. "ಕಲ್ಲು ಮಣ್ಣು ಓದ್ತಾಳ್ರಿ."

"ಓ, ಜಿಯಾಲಜಿನಾ?" ಎಂದು ಅವರು ಸ್ವಲ್ಪ ತಡೆದು, ಮರ್ಯಾದೆಯಿಂದಲೇ ಕೇಳಿದರು, "ಅದ್ರಲ್ಲಿ ಏನಾದ್ರೂ ಸ್ಕೋಪ್ ಇದೆಯಾ?"

"ನೀವ್ ನಿಂತದ್ದು ಅದರ ಮ್ಯಾಲ ರೀ" ಎಂದೆ.

ಅವರು ಕೆಳಗೆ ನೋಡಿದರು. ನಾನು, ಎಷ್ಟೋ ವರ್ಷಗಳ ಮೇಲೆ, ಒಬ್ಬರ ಜೊತೆ ಮಾತಾಡುವಾಗ ಅವರ ಮುಖ ನೋಡುತ್ತಾ ನಿಂತಿದ್ದೆ.